ಫೆನ್ಸಿಂಗ್ ಆಫ್ ಮಾಡಿ ಕೊಟ್ಟ ಕ್ಲಸ್ಟರ್ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಮ್ಮ ಪತ್ತಿನ ಸಹಕಾರ ಸಂಘದ ಡೇಟಾಬೇಸ್ ಹಾಳಾದ ಟಿಕೆಟ್‌ಗೆ ನೀವು 'ಗ್ರಾಹಕರ ಕಡೆಯ ನೆಟ್‌ವರ್ಕ್ ಸಮಸ್ಯೆ' ಅಂತ ಬರೆದು ಮುಚ್ಚಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ, ಟಿಕೆಟ್ ಮತ್ತೆ ತೆರೆಯಿರಿ. ನಮ್ಮ ಸ್ವಿಚ್ ರೀಸ್ಟಾರ್ಟ್ ಆಗಿದ್ದು ನಿಜ. ಆದರೆ ಸ್ವಿಚ್ ಸ್ವಲ್ಪ ಹೊತ್ತು ಹೋದ ಮಾತ್ರಕ್ಕೆ ಡೇಟಾ ಹಾಳಾಗಬಾರದು, ಅದಕ್ಕೇ ಅಲ್ವಾ ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಲಿ ಅಂತ ಎರಡು ಸರ್ವರ್, ಎರಡಕ್ಕೂ ಒಂದೇ ಶೇರ್ಡ್ ಸ್ಟೋರೇಜ್ ಇರುವ ಕ್ಲಸ್ಟರ್‌ಗೆ ಇಷ್ಟು ದುಡ್ಡು ಸುರಿದಿದ್ದು?

ಲಾಗ್ ನೋಡಿದರೆ ನಡೆದದ್ದು ಸ್ಪಷ್ಟವಾಗಿದೆ. ಎರಡು ಸರ್ವರ್‌ಗಳ ನಡುವಿನ ಹಾರ್ಟ್‌ಬೀಟ್ ಅನ್ನು, ಅಂದರೆ 'ನಾನು ಬದುಕಿದ್ದೇನೆ' ಅಂತ ಒಂದು ಇನ್ನೊಂದಕ್ಕೆ ಕಳಿಸುತ್ತಿರುವ ಸಂಕೇತವನ್ನು, ನೀವು ಆಫೀಸಿನ ಅದೇ ಸ್ವಿಚ್ ಮೂಲಕ ಹಾಕಿದ್ದೀರಿ, ಅದೂ ಒಂದೇ ಲಿಂಕ್. ಸ್ಟೋರೇಜ್‌ಗೆ ಮಾತ್ರ ಎರಡೂ ಸರ್ವರ್‌ನಿಂದ ನೇರ ಸ್ಯಾಸ್ (ಡಿಸ್ಕ್ ಜೋಡಿಸುವ) ಕೇಬಲ್ ಇದೆ. ಸ್ವಿಚ್ ಹೋದ ಕೂಡಲೇ ಇದಕ್ಕೆ ಅದು ಸತ್ತಿದೆ ಅನ್ನಿಸಿತು, ಅದಕ್ಕೆ ಇದು ಸತ್ತಿದೆ ಅನ್ನಿಸಿತು, ಡಿಸ್ಕ್ ಮಾತ್ರ ಇಬ್ಬರಿಗೂ ಕಾಣುತ್ತಲೇ ಇತ್ತು. ಎರಡನೇ ಸರ್ವರ್ ಅದೇ ಎಕ್ಸ್‌ಎಫ್‌ಎಸ್ ವಾಲ್ಯೂಮ್ ಅನ್ನು (ಒಮ್ಮೆಗೆ ಒಂದೇ ಸರ್ವರ್ ಬಳಸಬೇಕಾದ ಡಿಸ್ಕ್ ಭಾಗ) ಮೌಂಟ್ ಮಾಡಿ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಶುರು ಮಾಡಿತು, ಮೊದಲನೆಯದರಲ್ಲಿ ಅದು ಇನ್ನೂ ಓಡುತ್ತಲೇ ಇತ್ತು. ಇಬ್ಬರು ಕ್ಯಾಷಿಯರ್‌ಗಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಲೆಡ್ಜರ್ ಪುಟದ ಮೇಲೆ ಬರೆದ ಹಾಗಾಯಿತು. ಪೋಸ್ಟ್‌ಗ್ರೆಸ್‌ನ ಪಿಐಡಿ ಫೈಲ್ (ಓಡುತ್ತಿರುವ ಪ್ರೋಸೆಸ್‌ನ ನಂಬರ್ ಬರೆದಿಡುವ ಫೈಲ್) ಇದನ್ನು ತಡೆಯಬೇಕಿತ್ತು ಅಂತ ನಿಮ್ಮ ಎಂಜಿನಿಯರ್ ಹೇಳಿದರು. ಹೇಗೆ ತಡೆಯುತ್ತದೆ? ಆ ಪ್ರೋಸೆಸ್ ತನ್ನದೇ ಮಷಿನ್‌ನಲ್ಲಿ ಬದುಕಿದೆಯಾ ಅಂತಷ್ಟೇ ಅದು ನೋಡುವುದು, ಪಕ್ಕದ ಸರ್ವರ್‌ನಲ್ಲಿ ಏನು ಓಡುತ್ತಿದೆ ಅಂತ ಅದಕ್ಕೇನು ಗೊತ್ತು.

ಇದನ್ನು ತಡೆಯುವುದಕ್ಕೆಂದೇ ಫೆನ್ಸಿಂಗ್ ಇರುವುದು. ಎದುರಿನ ನೋಡ್ (ಸರ್ವರ್) ಮಾತಾಡದಿದ್ದರೆ ಮೊದಲು ಅದರ ಪವರ್ ತೆಗೆದು, ಆಮೇಲೆ ಡಿಸ್ಕ್ ಮುಟ್ಟಬೇಕು. ಕ್ಲಸ್ಟರ್ ನಡೆಸುವ ಸಾಫ್ಟ್‌ವೇರ್ ಪೇಸ್‌ಮೇಕರ್‌ನಲ್ಲಿ ಇದು ಮೊದಲಿಂದಲೂ ಆನ್ ಇರುತ್ತದೆ, ಆಫ್ ಮಾಡಬೇಕಾದರೆ ಯಾರಾದರೂ ಬೇಕೆಂದೇ ಮಾಡಬೇಕು, ಮತ್ತು ನಮ್ಮಲ್ಲಿ ಮಾಡಿದವರು ನೀವು. ಕೇಳಿದ್ದಕ್ಕೆ ನಿಮ್ಮ ಎಂಜಿನಿಯರ್ 'ಟೆಸ್ಟಿಂಗ್ ಸಮಯದಲ್ಲಿ ಸರ್ವರ್ ಸುಮ್ನೆ ರೀಬೂಟ್ ಆಗುತ್ತಿತ್ತು ಸರ್, ಅದಕ್ಕೇ ತೆಗೆದೆವು' ಅಂದರು. ಹಾರ್ಟ್‌ಬೀಟ್ ಲಿಂಕ್ ಸರಿಯಿಲ್ಲ ಅಂತ ಆ ರೀಬೂಟ್ ಅವತ್ತೇ ಹೇಳುತ್ತಿತ್ತು! ಕ್ಲಸ್ಟರ್‌ನಲ್ಲಿ ಇರುವುದೇ ಎರಡು ನೋಡ್, ಬೇರೆಯಾದರೆ ಯಾರಿಗೂ ಬಹುಮತ ಇಲ್ಲ. ಅದಕ್ಕೇ ನೋಡ್‌ಗಳ ನಡುವಿನ ಸಂದೇಶ, ಓಟು ನೋಡಿಕೊಳ್ಳುವ ಕೊರೊಸಿಂಕ್‌ನಲ್ಲಿ ಎರಡು ನೋಡ್‌ಗೆ ಬೇರೆ ಸೆಟ್ಟಿಂಗ್ ಇದೆ. ಒಂಟಿಯಾದರೂ ನಡೆಸು, ಯಾರು ಉಳಿಯಬೇಕು ಅನ್ನುವುದನ್ನು ಫೆನ್ಸಿಂಗ್ ನೋಡಿಕೊಳ್ಳುತ್ತದೆ ಅಂತ. ನೀವು ಆ ಸೆಟ್ಟಿಂಗ್ ಹಾಕಿ ಫೆನ್ಸಿಂಗ್ ತೆಗೆದಿರಿ. ಒಂದೇ ಸರ್ವರ್ ಇಟ್ಟುಕೊಂಡಿದ್ದರೆ ಇದಕ್ಕಿಂತ ಕ್ಷೇಮವಾಗಿರುತ್ತಿದ್ದೆವು.

ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ಆ ದಿನದ ಪಾವತಿಗಳನ್ನೆಲ್ಲ ಚಲನ್ ನೋಡಿಕೊಂಡು ಮತ್ತೆ ಟೈಪ್ ಮಾಡಿದ್ದೇವೆ. ಪಿಗ್ಮಿ ಏಜೆಂಟರು ಕೌಂಟರ್ ಮುಂದೆ ಕಾದು ಕಾದು ಮನೆಗೆ ಹೋದರು. ನಿಮ್ಮ ಕರಾರಿನಲ್ಲಿ ಸಿಸ್ಟಮ್ 99.99% ಸಮಯ ನಡೆಯುತ್ತದೆ ಅಂತಿದೆ, ಅಂದರೆ ವರ್ಷಕ್ಕೆ ನಿಲ್ಲಬಹುದಾದದ್ದು ಸುಮಾರು 52 ನಿಮಿಷ. ಅವತ್ತು ಮಧ್ಯಾಹ್ನ ನಿಂತ ಸಿಸ್ಟಮ್ ಎದ್ದದ್ದು ರಾತ್ರಿ.

ಈಗ ನಮಗೆ ಬೇಕಾದದ್ದು ಇಷ್ಟು. ಎರಡು ಸರ್ವರ್ ನಡುವೆ ಹಾರ್ಟ್‌ಬೀಟ್‌ಗೆ ಒಂದು ನೇರ ಕೇಬಲ್ ಎಳೆಯಿರಿ, ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಸ್ವಿಚ್ ಮೂಲಕದ ಲಿಂಕ್ ಎರಡನೆಯದಾಗಿ ಇರಲಿ. ಐಪಿಎಂಐ (ಸರ್ವರ್‌ನ ಪವರ್ ಅನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ) ಮೂಲಕ ಫೆನ್ಸಿಂಗ್ ಆನ್ ಮಾಡಿ, ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ಕೆಡವದಂತೆ ಒಂದು ಕಡೆ ಡಿಲೇ ಹಾಕಿ. ಆ ಐಪಿಎಂಐಗೂ ಸರ್ವರ್‌ನ ಪವರ್ ಸಪ್ಲೈಯಿಂದಲೇ ಕರೆಂಟ್ ಹೋಗುವುದು, ಸರ್ವರ್‌ಗೆ ಪವರ್ ಪೂರ್ತಿ ಹೋದರೆ ಅದೂ ಉತ್ತರ ಕೊಡುವುದಿಲ್ಲ, ಹಾಗಾಗಿ ಅದರ ಹಿಂದೆ ವಾಚ್‌ಡಾಗ್ (ಸರ್ವರ್ ಸ್ಪಂದಿಸದಿದ್ದರೆ ತಾನೇ ರೀಸೆಟ್ ಮಾಡುವ ಟೈಮರ್) ಜೊತೆ ಎಸ್‌ಬಿಡಿ (ಶೇರ್ಡ್ ಡಿಸ್ಕ್ ಮೂಲಕ ಫೆನ್ಸಿಂಗ್ ಮಾಡುವ ವಿಧಾನ) ಬೇಕು. ಎರಡು ನೋಡ್ ಬೇರೆಯಾದಾಗ ಬಹುಮತ ಸಿಗಲಿ ಅಂತ ಮೂರನೇ ಓಟಿಗೆ ನಮ್ಮ ಶಾಖೆಯಲ್ಲಿ ಒಂದು ಸಣ್ಣ ಮಷಿನ್ ಕೊಡುತ್ತೇವೆ. ಆಮೇಲೆ ಒಂದು ಭಾನುವಾರ ಬಂದು, ನಮ್ಮ ಕಣ್ಣೆದುರಿಗೇ ಕೇಬಲ್ ಕಿತ್ತು, ಪವರ್ ಕಿತ್ತು ತೋರಿಸಿ.

ಇನ್ನೊಂದು ಮಾತು. 'ಎಲ್ಲೂ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಇಲ್ಲ' ಅಂತ, ಅಂದರೆ ಯಾವುದೇ ಒಂದು ಭಾಗ ಕೆಟ್ಟರೂ ಎಲ್ಲ ನಿಲ್ಲುವುದಿಲ್ಲ ಅಂತ, ನಿಮ್ಮ ಕೊಟೇಶನ್‌ನಲ್ಲಿದೆ. ಸ್ಟೋರೇಜ್‌ಗೆ ಎರಡು ಕಂಟ್ರೋಲರ್ ಇದೆ, ಸರಿ, ಆದರೆ ಪೆಟ್ಟಿಗೆ ಒಂದೇ, ಡಿಸ್ಕ್‌ಗಳೆಲ್ಲ ಕೂರುವ ಬ್ಯಾಕ್‌ಪ್ಲೇನ್ ಒಂದೇ. ಎರಡನೇ ಪೆಟ್ಟಿಗೆಗೆ ರೆಪ್ಲಿಕೇಶನ್ (ಡೇಟಾದ ನಕಲು) ಮಾಡಲು ಎಷ್ಟಾಗುತ್ತದೆ ಹೇಳಿ, ಇಲ್ಲವೇ ಆ ಸಾಲು ತೆಗೆಯಿರಿ.

ಈ ಕೆಲಸ ಆಗುವವರೆಗೆ ಎಎಂಸಿಯ (ವಾರ್ಷಿಕ ನಿರ್ವಹಣಾ ಕರಾರಿನ) ಮುಂದಿನ ಕಂತು ಬಿಡುಗಡೆ ಮಾಡುವುದಿಲ್ಲ. ಉತ್ತರ ಲಿಖಿತವಾಗಿರಲಿ, ಫೋನ್ ಬೇಡ.

ಇತಿ,
ಕಂಪ್ಯೂಟರ್ ವಿಭಾಗ, ಪತ್ತಿನ ಸಹಕಾರ ಸಂಘ