ಐದು ಸರಿ ಬಂತು, ಆರನೆಯದು?

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಐದು ಸಲ ಸರಿ ಬಂತು ಅಂದ್ಮೇಲೆ ಸಾಕು ಅಲ್ವಾ ಅಪ್ಪ?" ಅಂತ. ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಉತ್ತರದ ಬದಲು ನನಗೆ ತುಂಬಾ ಇಷ್ಟವಾದ ಒಂದು ಸಂಖ್ಯೆಯನ್ನೇ ಕಳಿಸುತ್ತಿದ್ದೇನೆ: 4294967297. ನಾನೂರ ಇಪ್ಪತ್ತೊಂಬತ್ತು ಕೋಟಿಗೂ ಜಾಸ್ತಿ.

2 ತಗೋ. ಅದನ್ನು ಅದರಿಂದಲೇ ಗುಣಿಸಿದರೆ 4. ಹಾಗೇ ಮುಂದುವರಿಸಿದರೆ 16, 256, 65536. ಮೊದಲಿನ 2ಕ್ಕೂ ಸೇರಿ ಎಲ್ಲಕ್ಕೂ ಒಂದೊಂದು ಕೂಡಿಸು. 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು! ಮುಂದಿನವೂ ಹೀಗೇ ಇರುತ್ತವೆ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಬರೆದ. ಅವನಿಗೆ ನಂಬಿಕೆ ಇತ್ತು, ಪುರಾವೆ ಇರಲಿಲ್ಲ.

ಆರನೆಯದೇ ನಮ್ಮ ಸಂಖ್ಯೆ. 3ರಿಂದ ಹೋಗುವುದಿಲ್ಲ, 7ರಿಂದಲೂ ಇಲ್ಲ, 11, 13ರಿಂದಲೂ ಇಲ್ಲ. 1732ರಲ್ಲಿ ಆಯ್ಲರ್ ಎಂಬ ಇಪ್ಪತ್ತೈದರ ಹುಡುಗ 641ರಿಂದ ಭಾಗಿಸಿದ. ಶೇಷ ಸೊನ್ನೆ, ಭಾಗಲಬ್ಧ 6700417.

ನೀನೇ ಮಾಡಿ ನೋಡು. 6700417ನ್ನು 600ರಿಂದ ಗುಣಿಸಿದರೆ 4020250200. 41ರಿಂದ ಗುಣಿಸಿದರೆ 274717097. ಎರಡನ್ನೂ ಒಂದರ ಕೆಳಗೊಂದು ಬರೆದು ಬಲಗಡೆಯಿಂದ ನಿಧಾನವಾಗಿ ಕೂಡು, ದಶಕ ಬಿಡಬೇಡ. ಒಂದೊಂದೇ ಅಂಕಿ ಸರಿಯಾಗಿ ಬಂದು ಕೂರುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಿಭಾಜ್ಯಗಳನ್ನು 2ರಿಂದ ಎಣಿಸುತ್ತಾ ಹೋದರೆ 641 ನೂರ ಹದಿನಾರನೆಯದು. ಅಷ್ಟನ್ನೂ ಪರೀಕ್ಷಿಸಬೇಕಾ? ಬೇಡ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಇದನ್ನು ಸಾಧಿಸಿದವನೂ ಆಯ್ಲರೇ. ಅಂಥವು 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ!

ಇದಕ್ಕಿಂತಲೂ ಚೆಂದದ್ದು ಇನ್ನೊಂದಿದೆ. 65536ರ ವರ್ಗಕ್ಕೆ 1ರ ವರ್ಗ ಕೂಡಿಸಿದರೆ ನಮ್ಮ ಸಂಖ್ಯೆ ಬರುತ್ತದೆ, ಅದು ಗೊತ್ತೇ ಇದೆ. 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದರೂ ಅದೇ ಬರುತ್ತದೆ. ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಲು ಸಾಧ್ಯವೇ ಇಲ್ಲ. ಅಂದರೆ ಒಂದೇ ಒಂದು ಭಾಗಾಕಾರವನ್ನೂ ಮಾಡದೆ, 641ರ ಹೆಸರೂ ಎತ್ತದೆ, ಇದು ಒಡೆಯುವ ಸಂಖ್ಯೆ ಎಂದು ಹೇಳಿಬಿಡಬಹುದು.

ಈ ಸಾಲಿನಲ್ಲಿ 65537 ಆದಮೇಲೆ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ. ಮುಂದೆ ಸಿಗುವುದೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ.

ಅಂದಹಾಗೆ, 20449 ತಾನೇ ಒಂದು ಪೂರ್ಣ ವರ್ಗ. ಯಾವುದರ ವರ್ಗ ಅಂತ ಮುಂದಿನ ಸಲ ಫೋನ್ ಮಾಡಿದಾಗ ಹೇಳು.

ನಿನ್ನ,
ಅಪ್ಪ