ಒಂಟಿ ಮುಳ್ಳಿನ ಮರ

ಆತ್ಮೀಯರೇ,

ಇಲ್ಲಿ ಐರ್ಲೆಂಡಿನಲ್ಲಿ ಮೇ ತಿಂಗಳಲ್ಲಿ ಡಬ್ಲಿನ್ ಬಿಟ್ಟು ಯಾವ ದಿಕ್ಕಿಗೆ ಹೊರಟರೂ ಬೇಲಿಗಳೆಲ್ಲ ಬೆಳ್ಳಗಿರುತ್ತವೆ. ಹಾಥಾರ್ನ್ ಎಂಬ ಮುಳ್ಳಿನ ಮರ ಹೂ ಬಿಟ್ಟಿದೆ. ಬೇಲಿಯ ಸಾಲಿನಲ್ಲಿದ್ದರೆ ಇದನ್ನು ಚಳಿಗಾಲದಲ್ಲಿ ಧಾರಾಳವಾಗಿ ಕತ್ತರಿಸುತ್ತಾರೆ. ಆದರೆ ಹೊಲದ ನಡುವೆ ಒಂದೇ ಒಂದು ಮರ ನಿಂತಿದ್ದರೆ, ಟ್ರ್ಯಾಕ್ಟರ್ ಅದನ್ನು ಸುತ್ತುಹಾಕಿಕೊಂಡು ಹೋಗುತ್ತದೆ. ಯಾರೂ ನೆಟ್ಟಿದ್ದಲ್ಲ, ತಾನಾಗಿ ಹುಟ್ಟಿದ್ದು. ಹಾಗಾಗಿ ಅದು ‘ಅವರದು’.

ಅವರು ಅಂದರೆ ಯಾರು? ಹಳ್ಳಿಯ ಹಿರಿಯರು ಹೆಸರು ಹಿಡಿದು ಹೇಳುವುದಿಲ್ಲ, ‘ಒಳ್ಳೆಯ ಜನ’ ಅಂತಾರೆ. ನಮ್ಮಲ್ಲಿ ರಾತ್ರಿ ಹೊತ್ತು ಹಾವು ಅನ್ನದೆ ‘ಹುಳ’ ಅಂತೀವಲ್ಲ, ಹಾಗೇ. ಇವರು ಫೇರಿಗಳು, ಆದರೆ ಮಕ್ಕಳ ಪುಸ್ತಕದ ರೆಕ್ಕೆಯ ಪುಟಾಣಿಗಳಲ್ಲ. ದಿಬ್ಬಗಳ ಒಳಗೆ ಇರುವವರು, ಸಿಟ್ಟು ಬಂದರೆ ಹಸುವಿನ ಹಾಲು ಬತ್ತಿಸುವವರು.

ಹೋದ ವರ್ಷ ನನ್ನ ಮಗಳು ಒಂದು ಗೊಂಚಲು ಹೂ ಕಿತ್ತು ತಂದಳು. ಪಕ್ಕದ ಮನೆಯ ಅಜ್ಜಿ ಗೇಟಿನಲ್ಲೇ ತಡೆದರು. “ಮನೆಯೊಳಗೆ ಬೇಡ ಮಗು.” ಅವರು ಅಷ್ಟು ಗಂಭೀರವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಹೂವನ್ನು ಮೂಗಿಗೆ ಹಿಡಿದೆ. ಮೊದಲು ಬಾದಾಮಿ ಥರ ಸಿಹಿ. ಸ್ವಲ್ಪ ಹೊತ್ತಿಗೆ ಅಡಿಯಿಂದ ಮೀನು ಕೆಟ್ಟಂಥ ವಾಸನೆ. ಅದು ಟ್ರೈಮೀಥೈಲಮೀನ್ ಎಂಬ ರಾಸಾಯನಿಕ, ಕೊಳೆಯುವ ಮಾಂಸದಲ್ಲೂ ಇರುವಂಥದ್ದು. ಹೆಣವನ್ನು ಮನೆಯಲ್ಲೇ ಇಟ್ಟು ರಾತ್ರಿಯಿಡೀ ಕಾಯುತ್ತಿದ್ದ ಜನರಿಗೆ ಈ ವಾಸನೆ ಗುರುತು ಸಿಗದೇ ಇರುತ್ತದಾ? ಹೊಸ್ತಿಲಾಚೆ ಇದು ವಸಂತದ ಹೂ, ಹೊಸ್ತಿಲು ದಾಟಿದರೆ ಸಾವು.

ವಾಟ್ಸಾಪಿನಲ್ಲಿ ಓಡಾಡುವ ‘ಸೆಲ್ಟಿಕ್ ಮರ ರಾಶಿ’ಯನ್ನು ದಯವಿಟ್ಟು ನಂಬಬೇಡಿ. ತಿಂಗಳಿಗೊಂದು ಮರದ ಆ ಲೆಕ್ಕ ಹಳೆಯದಲ್ಲ, 1940ರ ದಶಕದಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ ಕಟ್ಟಿದ್ದು. ನಿಜವಾಗಿ ಹಳೆಯದು ಬೇಕಿದ್ದರೆ ರಸ್ತೆ ಬದಿಯ ಬೋರ್ಡ್ ಓದಿ. ‘ದರ್’ ಅಂದರೆ ಐರಿಷ್‌ನಲ್ಲಿ ಓಕ್. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚ್, ಡೆರ್ರಿ ಎಂದರೆ ಓಕ್ ತೋಪು.

ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ 1999ರಲ್ಲಿ ಹೆದ್ದಾರಿಯ ದಾರಿಗೆ ಒಂದು ಒಂಟಿ ಹಾಥಾರ್ನ್ ಅಡ್ಡ ಬಂತು. ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದರು. ಮನ್‌ಸ್ಟರ್ ಪ್ರಾಂತ್ಯದ ‘ಒಳ್ಳೆಯ ಜನ’ ಪಕ್ಕದ ಕೊನಾಕ್ಟ್ ಪ್ರಾಂತ್ಯದವರ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಸೇರುವ ಜಾಗ ಅದು, ಕಡಿದರೆ ಆ ರಸ್ತೆಯಲ್ಲಿ ಅಪಘಾತಗಳಾಗುತ್ತವೆ ಅಂತ. ಕೊನೆಗೆ ಮರ ಉಳಿಯುವ ಹಾಗೆ ರಸ್ತೆಯ ನಕ್ಷೆಯನ್ನೇ ಬದಲಿಸಿದರು. 2002ರಲ್ಲಿ ಯಾರೋ ರಾತ್ರೋರಾತ್ರಿ ಗರಗಸ ತಂದು ಕೊಂಬೆಗಳನ್ನೆಲ್ಲ ಕತ್ತರಿಸಿದರು, ಬೋಳು ಕಾಂಡ ಮಾತ್ರ ಉಳಿಯಿತು. ಅದು ಮತ್ತೆ ಚಿಗುರಿತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮೂರಲ್ಲೂ ಚೌಡಿ ಮರಕ್ಕೆ ಕೊಡಲಿ ಹಾಕಲು ಆಳು ಸಿಗುತ್ತಿರಲಿಲ್ಲ. ಸುತ್ತಲಿನ ಕಾಡೆಲ್ಲ ಹೋದ ಮೇಲೂ ಆ ಒಂದು ಮರ ಇತ್ತು.

ಮುಂದಿನ ತಿಂಗಳು ನಮ್ಮ ಸಂಘದ ಪ್ರವಾಸ ಕಿಲ್ಡೇರ್‌ಗೆ. ಸಂತ ಬ್ರಿಜಿಡ್‌ಳ ಬಾವಿಯ ಹತ್ತಿರ ಬಟ್ಟೆಚೂರು ಕಟ್ಟುವ ಮರ ಇದೆ. ಬಟ್ಟೆಯನ್ನು ಬಾವಿ ನೀರಲ್ಲಿ ಅದ್ದಿ, ನೋವಿರುವ ಕಡೆ ಒತ್ತಿ, ಕೊಂಬೆಗೆ ಕಟ್ಟುತ್ತಾರೆ. ಬಟ್ಟೆ ಕೊಳೆಯುತ್ತಾ ಹೋದ ಹಾಗೆ ಕಾಯಿಲೆಯೂ ಹೋಗುತ್ತದೆ ಅನ್ನುವುದು ನಂಬಿಕೆ. ಅಂದರೆ ಬಟ್ಟೆ ಕೊಳೆಯಲೇಬೇಕು, ಅಲ್ವಾ? ನೈಲಾನ್ ರಿಬ್ಬನ್ ಕೊಳೆಯುವುದಿಲ್ಲ. ಕೊಂಬೆ ದಪ್ಪವಾದ ಹಾಗೆ ಅದರ ಕತ್ತು ಹಿಸುಕುತ್ತದೆ, ಅಷ್ಟೇ. ಕಟ್ಟಬೇಕು ಅನ್ನುವವರು ಹಳೇ ಹತ್ತಿ ಪಂಚೆಯ ಒಂದು ಎಳೆ ಹರಿದು ತನ್ನಿ, ಸಡಿಲವಾಗಿ ಕಟ್ಟಿ. ಬಸ್ಸಿನಲ್ಲಿ ನನ್ನ ಹತ್ತಿರವೂ ಒಂದಷ್ಟು ಇರುತ್ತವೆ.

— ಸಂಪಾದಕಿ