ಹೊತ್ತು ನೋಡಿ ಹೋಗು: ಧಾರವಾಡಕ್ಕೆ ಬರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಧಾರವಾಡಕ್ಕೆ ವರ್ಗ ಆಯಿತು ಅಂತ ನೀನು ಫೋನ್ ಮಾಡಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಇಪ್ಪತ್ತು ವರ್ಷದಿಂದ ಬಾ, ಬಾ ಅಂತ ಕರೆಯುತ್ತಿದ್ದೆ. ಈಗ ಬರುತ್ತಿದ್ದೀಯ. ಆದರೆ ಅದೇ ಹೊತ್ತಿಗೆ ನಾವಿಬ್ಬರೂ ಮಗಳ ಬಾಣಂತನಕ್ಕೆ ಪುಣೆಗೆ ಹೊರಟಿದ್ದೇವೆ. ಮೂರು ತಿಂಗಳು ಊರಲ್ಲಿ ಇರುವುದಿಲ್ಲ. ಬೇರೆ ಮನೆ ಸಿಗುವವರೆಗೆ ನೀನು, ವೈನಿ ಇಬ್ಬರೂ ನಮ್ಮ ಮಾಳಮಡ್ಡಿ ಮನೆಯಲ್ಲೇ ಇರಿ. (ನಮ್ಮ ಕಡೆ ಗೆಳೆಯನ ಹೆಂಡತಿಗೆ ವೈನಿ ಅನ್ನುತ್ತೇವೆ. ಇನ್ನು ಮೇಲೆ ಅವರಿಗೆ ಅದೇ ಹೆಸರು.)

ಎಲ್ಲಿ ಉಣ್ಣಬೇಕು, ಏನು ಕೊಳ್ಳಬೇಕು, ಒಂದು ಪಟ್ಟಿ ಕಳಿಸು ಅಂದೆಯಲ್ಲ. ಬರೆಯಲು ಕೂತೆ. ಪಟ್ಟಿ ಆಗಲೇ ಇಲ್ಲ. ಯಾಕೆ ಅಂದರೆ ನಮ್ಮೂರಲ್ಲಿ ಯಾವ ಅಂಗಡಿ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಹೋದೆ ಅನ್ನುವುದು ದೊಡ್ಡದು. ಹೊತ್ತು ತಪ್ಪಿ ಹೋದರೆ ಅದೇ ಅಂಗಡಿ, ಅದೇ ತಿನಿಸು, ರುಚಿ ಮಾತ್ರ ಬೇರೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಮೊದಲು ಪೇಢೆ. ಅದನ್ನು ಮುಗಿಸದೆ ನೀನು ಬೇರೆ ಮಾತು ಕೇಳುವುದಿಲ್ಲ, ಗೊತ್ತು. ನೀನು ಮೈಸೂರು ಪಾಕಿನ ಊರಿನವನು. ತುಪ್ಪ ಜಿನುಗಬೇಕು, ಬಾಯಿಗೆ ಇಟ್ಟರೆ ಕರಗಬೇಕು ಅಂತ ನಿನ್ನ ನಾಲಿಗೆ ಕಾಯುತ್ತದೆ. ಪೇಢೆಯಿಂದ ಅದನ್ನು ಬಯಸಬೇಡ. ಇದು ಕರಗುವ ಸಿಹಿ ಅಲ್ಲ. ಎಮ್ಮೆ ಹಾಲು ಬತ್ತಿಸಿ ಖೋವಾ ಮಾಡುತ್ತಾರೆ. ಆ ಖೋವಾವನ್ನು ಸಕ್ಕರೆ ಜೊತೆ ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ. ಉಂಡೆ ಕಟ್ಟಿ ಮೇಲೆ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಒಂದನ್ನು ಮುರಿದು ನೋಡು. ಒಳಗೆ ಮರಳು ಮರಳಾಗಿರುತ್ತದೆ, ಹುರಿದ ಹಾಲಿನ ವಾಸನೆ ಮೂಗಿಗೆ ಬಡಿಯುತ್ತದೆ. ತಳ ಹಿಡಿಯುವುದಕ್ಕೆ ಒಂದು ಹೆಜ್ಜೆ ಮೊದಲು ನಿಲ್ಲಿಸಿದ ಹದ ಅದು. ನಿಧಾನಕ್ಕೆ ಅಗಿಯಬೇಕು.

ಲೈನ್ ಬಜಾರಿಗೆ ಹೋಗು, ಠಾಕೂರರ ಅಂಗಡಿಗೆ. ಬಾಬೂಸಿಂಗ್ ಠಾಕೂರ್ ಅಂತ ಬೋರ್ಡು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಬಂದ ಮನೆತನ ಅದು. ದೂರದಿಂದ ಬಂದವರ ಕೈಯ ಸಿಹಿ ನಮ್ಮೂರಿನ ಹೆಸರನ್ನೇ ಹೊತ್ತುಕೊಂಡಿತು, ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿತು. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲು. ಮಿಶ್ರಾ ಅನ್ನುವ ಇನ್ನೊಂದು ಅಂಗಡಿಯವರ ಪೇಢೆ ಬೇಕಾದರೆ ಊರ ತುಂಬ ಅಂಗಡಿಗಳಿವೆ, ಯಾವಾಗ ಬೇಕಾದರೂ ಸಿಗುತ್ತದೆ, ಅದೂ ಚೊಲೊ ಇರುತ್ತದೆ. ಹೆದ್ದಾರಿ ಬದಿಯಲ್ಲಿ ಧಾರವಾಡ ಪೇಢೆ ಅಂತ ಬರೆದ ಡಬ್ಬಿ ಕಂಡರೆ ಮಾತ್ರ ಎರಡು ಸಲ ಯೋಚನೆ ಮಾಡು. ಒಮ್ಮೆ ಅವಸರದಲ್ಲಿ ಅಂಥ ಒಂದು ಡಬ್ಬಿ ತಗೊಂಡು ಬೀಗರ ಮನೆಗೆ ಹೋಗಿದ್ದೆ. ತೆಗೆದರೆ ಹುಳಿ ವಾಸನೆ. ಆ ದಿನದ ಸಂಕಟ ಇನ್ನೂ ಮರೆತಿಲ್ಲ.

ಪೇಢೆಯ ಮಾತು ಬಂದಾಗ ಎಮ್ಮೆಯನ್ನು ಬಿಡಬಾರದು. ಬೆಳಿಗ್ಗೆ ಗೌಳಿಗಳು ಎಮ್ಮೆ ಹೊಡೆದುಕೊಂಡು ರಸ್ತೆಯಲ್ಲಿ ಹೋಗುವುದನ್ನು ನೋಡುತ್ತೀಯ. ಕರ್ರಗಿನ ಮೈ, ಅರ್ಧ ಚಂದ್ರನ ಹಾಗೆ ಬಾಗಿದ ಕೊಂಬು. ಇದು ಇಲ್ಲಿಯದೇ ತಳಿ. 2021ರಲ್ಲಿ 'ಧಾರವಾಡಿ' ಅನ್ನುವ ಹೆಸರಿನಲ್ಲಿ ದೇಶದ ತಳಿಗಳ ಪಟ್ಟಿಗೆ ಸೇರಿತು. ಗಾಡಿ ನಿಲ್ಲಿಸಿ ಅವುಗಳಿಗೆ ದಾರಿ ಬಿಡು, ಹಾರ್ನ್ ಹೊಡೆಯಬೇಡ. ನಿನ್ನ ಪೇಢೆಯೂ ಚಹಾವೂ ಅವುಗಳಿಂದಲೇ.

ಚಹಾ ಅಂದೆನಲ್ಲ. ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಹುಡುಕುತ್ತಾ ತಿರುಗಬೇಡ, ದೋಸ್ತ. ಸಿಗುತ್ತದೆ, ಆದರೆ ಊರಿನ ಜೀವ ಚಹಾದಲ್ಲಿದೆ. ಮಾಳಮಡ್ಡಿಯಿಂದ ಸ್ಟೇಷನ್ ಕಡೆ ನಡೆದು ಹೋಗು, ಯಾವ ಗೂಡಂಗಡಿಯ ಮುಂದೆ ಜಾಸ್ತಿ ಜನ ನಿಂತಿರುತ್ತಾರೋ ಅಲ್ಲಿ ನೀನೂ ನಿಲ್ಲು. ಒಬ್ಬನೇ ಇದ್ದರೂ ಅರ್ಧ ಚಹಾ ಕೇಳು. ಅರ್ಧ ಮುಗಿಯುವಷ್ಟರಲ್ಲಿ ಯಾರಾದರೂ ಮಾತಿಗೆ ಸಿಗುತ್ತಾರೆ, ಆಗ ಇನ್ನರ್ಧ.

ಈಗ ಊಟ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಖಾನಾವಳಿಗೆ ಹೋಗು. ಬಸಪ್ಪ ಖಾನಾವಳಿಯ ಹೆಸರು ಎಲ್ಲರೂ ಹೇಳುತ್ತಾರೆ, ಅಲ್ಲಿಂದಲೇ ಶುರು ಮಾಡು. ಆಮೇಲೆ ನಿನ್ನ ಆಫೀಸಿನ ಹತ್ತಿರ ಒಂದನ್ನು ನೀನೇ ಹುಡುಕಿಕೋ. ಒಂದು ಗುರುತು ಹೇಳುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಪಟ ಪಟ ಅಂತ ರೊಟ್ಟಿ ತಟ್ಟುವ ಸಪ್ಪಳ ಕೇಳಬೇಕು. ಕೇಳಿಸಿದರೆ ಕೂತುಕೋ. ಒಂದು ಗಂಟೆಗೆ ಸರಿಯಾಗಿ ಹೋಗು. ಎರಡೂವರೆಗೆ ಹೋದರೆ ಬಿಸಿ ರೊಟ್ಟಿ ಮುಗಿದು ಬೆಳಿಗ್ಗೆ ಮಾಡಿಟ್ಟ ರೊಟ್ಟಿ ಬರುತ್ತದೆ.

ಸಾಧ್ಯವಾದರೆ ರೊಟ್ಟಿ ಮಾಡುವ ಕಡೆ ಕಣ್ಣು ಹೋಗುವ ಜಾಗದಲ್ಲಿ ಕೂರು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ, ಬಿಸಿ ನೀರೇ ಅದನ್ನು ಹಿಡಿದಿಡಬೇಕು. ಆಮೇಲೆ ಅಂಗೈಯಿಂದ ತಟ್ಟುತ್ತಾರೆ. ತಟ್ಟಿದ ಹಾಗೆ ರೊಟ್ಟಿ ತನ್ನಷ್ಟಕ್ಕೆ ಸುತ್ತುತ್ತದೆ, ಅಂಚು ಎಲ್ಲೂ ಒಡೆಯುವುದಿಲ್ಲ. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಮಗುಚಿ, ಬೆಂಕಿಗೆ ಹಿಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಆ ಉಬ್ಬು ಇಳಿಯುವ ಮೊದಲು ನಿನ್ನ ತಾಟಿಗೆ ಬರಬೇಕು. ನಮ್ಮವ್ವ ಹಾಗೇ ಬಡಿಸುತ್ತಿದ್ದಳು, ನಾವು ಮೂರು ಜನ ಒಲೆ ಮುಂದೆ ಸಾಲಾಗಿ ಕೂತಿರುತ್ತಿದ್ದೆವು. ಈಗಲೂ ಆ ಸಪ್ಪಳ ಕೇಳಿದರೆ ಹಸಿವಾಗುತ್ತದೆ.

ತಾಟಿನಲ್ಲಿ ಎಣ್ಣೆಗಾಯಿ ಇರುತ್ತದೆ. ಸಣ್ಣ ಬದನೆಕಾಯಿ ಸೀಳಿ ಶೇಂಗಾ, ಎಳ್ಳು, ಖಾರ ತುಂಬಿದ್ದು. ಮಡಕೆ ಕಾಳೋ ಹೆಸರು ಕಾಳೋ ಒಂದು ಪಲ್ಯ. ಅದೃಷ್ಟ ಇದ್ದರೆ ಕಡಲೆ ಹಿಟ್ಟಿನ ಝುಣಕ ಅಥವಾ ಪುಂಡಿ ಸೊಪ್ಪಿನ ಪಲ್ಯ. ಒಂದು ಬದಿಗೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಹಸಿ ಸೊಪ್ಪನ್ನು ನೋಡಿ ಪಕ್ಕಕ್ಕೆ ತಳ್ಳಬೇಡ. ಖಾರದ ಪಲ್ಯದ ಜೊತೆ ಒಂದು ಎಳೆ ಮೆಂತ್ಯ ಕಚ್ಚು, ಆಮೇಲೆ ನನಗೆ ಫೋನ್ ಮಾಡು. ಶೇಂಗಾ ಚಟ್ನಿ ಪುಡಿಯ ನಡುವೆ ಬೆರಳಿನಿಂದ ಕುಳಿ ಮಾಡಿ ಎಣ್ಣೆ ಹಾಕಿಸಿಕೋ, ಇಲ್ಲಾ ಗಟ್ಟಿ ಮೊಸರು. ಬಡಿಸುವವರು "ಇನ್ನೊಂದ ರೊಟ್ಟಿ ತಗೋರಿ" ಅನ್ನುತ್ತಾರೆ. ಬೇಡ ಅಂದರೂ ಹಾಕುತ್ತಾರೆ. ಮೊದಲ ದಿನವೇ ಅವಸರ ಮಾಡದೆ ಎರಡಕ್ಕೇ ಸಾಕು ಅನ್ನು, ಆಮೇಲೆ ಅನ್ನ-ಸಾರೂ ಇದೆ.

ಮಾತಿನಲ್ಲಿ ಗೊಂದಲ ಆಗದಿರಲಿ ಅಂತ ಇನ್ನೊಂದು ವಿಷಯ. ನಿಮ್ಮ ಕಡಲೆಕಾಯಿ ನಮಗೆ ಶೇಂಗಾ. ಈರುಳ್ಳಿ ಉಳ್ಳಾಗಡ್ಡಿ. ಹುಚ್ಚೆಳ್ಳು ಗುರೆಳ್ಳು. ಹುರಿಗಡಲೆ ಪುಠಾಣಿ. ಸೀಬೆಹಣ್ಣು ಪೇರಲ. ನಿಮ್ಮಲ್ಲಿ ಚುರುಮುರಿ ಅಂದರೆ ಕಲಸಿ ಕೊಟ್ಟ ತಿಂಡಿ, ನಮ್ಮಲ್ಲಿ ಚುರುಮುರಿ ಅಂದರೆ ಬರೀ ಕಡ್ಲೆಪುರಿ. ಕಲಸಿದ್ದು ಬೇಕಾದರೆ ಗಿರ್ಮಿಟ್ ಅನ್ನಬೇಕು.

ಆ ಗಿರ್ಮಿಟ್ಟಿಗೆ ಹೊತ್ತು ಅಂದರೆ ಸಂಜೆ ಐದೂವರೆ, ಮಳೆ ಹನಿಯುತ್ತಿರಬೇಕು. ನೀನು ಶ್ರಾವಣದಲ್ಲಿ ಬರುತ್ತಿರುವುದರಿಂದ ಮಳೆಗೆ ಬರ ಇಲ್ಲ. ಸುಭಾಸ ರಸ್ತೆ, ಸೂಪರ್ ಮಾರ್ಕೆಟ್ ಸುತ್ತ ಬಂಡಿಗಳು ಹತ್ತಾರು. ಹುಣಸೆಹಣ್ಣು, ಬೆಲ್ಲ, ಉಳ್ಳಾಗಡ್ಡಿ ಹಾಕಿ ಮೊದಲೇ ಕುದಿಸಿದ ಗೊಜ್ಜು ಇಟ್ಟಿರುತ್ತಾರೆ. ಚುರುಮುರಿಗೆ ಅದನ್ನು ಸುರಿದು, ಪುಠಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಹಾಕಿ ಗರಗರ ಕಲಸುತ್ತಾರೆ. ಮೇಲೆ ಶೇವು. "ಖಾರ ಜಗ್ಗಿ ಹಾಕ್ಲೇನ್ರಿ?" ಅಂತ ಕೇಳುತ್ತಾರೆ, ನೀನು ಮೊದಲ ಸಲ ಬೇಡ ಅನ್ನು. ಪಕ್ಕದಲ್ಲಿ ಎಣ್ಣೆಯಿಂದ ಆಗ ತಾನೇ ತೆಗೆದ ಮಿರ್ಚಿ ಭಜಿ.

ಇಲ್ಲಿ ಹೊತ್ತು ಅನ್ನುವುದು ನಿಮಿಷದ ಲೆಕ್ಕ. ಪೊಟ್ಟಣ ಕೈಗೆ ಬಂದ ಕೂಡಲೇ ನಿಂತಲ್ಲೇ ತಿನ್ನು. ಪುಠಾಣಿ ಹಿಟ್ಟು ಗೊಜ್ಜನ್ನು ಹೀರಿಕೊಂಡಿರುತ್ತದೆ, ಚುರುಮುರಿ ಇನ್ನೂ ಗರಿಯಾಗಿರುತ್ತದೆ. ಐದು ನಿಮಿಷ ತಡ ಮಾಡಿದರೆ ಎಲ್ಲ ಮೆತ್ತಗೆ. ವೈನಿಗೆ ಅಂತ ಮನೆಗೆ ಕಟ್ಟಿಸಿಕೊಂಡು ಹೋಗಬೇಡ, ಅವರನ್ನೇ ಕರೆದುಕೊಂಡು ಬಾ.

ಸುಭಾಸ ರಸ್ತೆಗೆ ಹೋದಾಗ ಸಂಜೆಗಿಂತ ಸ್ವಲ್ಪ ಮೊದಲೇ ಹೋಗು, ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಬೇಕು. 1933ರಲ್ಲಿ ಶುರುವಾದ ಪ್ರಕಾಶನ ಅದು. ಕನ್ನಡದ ದೊಡ್ಡ ದೊಡ್ಡ ಬರಹಗಾರರು ಆ ಅಟ್ಟದಲ್ಲಿ ಕೂತು ಹರಟಿದ್ದಾರೆ, ಜಗಳವಾಡಿದ್ದಾರೆ. ನಾನು ಕಾಲೇಜಿನಲ್ಲಿ ಇದ್ದಾಗ ಕಿಸೆಯಲ್ಲಿ ದುಡ್ಡಿಲ್ಲದೆ ಮೆಟ್ಟಿಲವರೆಗೆ ಹೋಗಿ ಹಿಂದೆ ಬಂದಿದ್ದೆ. ಸುಮ್ನೆ ಹತ್ತಿದ್ದರೂ ಆಗುತ್ತಿತ್ತು ಅಂತ ಆಮೇಲೆ ತಿಳಿಯಿತು. ನೀನು ಓದುವವನು. ಹತ್ತು, ಕೂರು, ಒಂದು ಪುಸ್ತಕ ತಗೊಂಡು ಇಳಿ.

ವೈನಿಯವರಿಗೆ ಕಸೂತಿ ಸೀರೆ ಬೇಕು ಅಂತ ನೀನು ಅಂದಿದ್ದೆಯಲ್ಲ. ಇದಕ್ಕೆ ಮಾತ್ರ ಅವಸರ ಮಾಡಬೇಡ. ಕೈಯಿಂದ ಹಾಕಿದ ಕಸೂತಿ ಒಂದು ಸೀರೆಗೆ ವಾರಗಟ್ಟಲೆ ಹಿಡಿಯುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆಯದೆ ಎಳೆ ಎಣಿಸಿಕೊಂಡೇ ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ, ಎಲ್ಲ ಆ ನಾಲ್ಕರಲ್ಲೇ ಮೂಡುತ್ತವೆ. ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿದಾಗ ಸೆರಗನ್ನು ತಿರುವಿ ಹಿಂಬದಿ ನೋಡಲು ವೈನಿಗೆ ಹೇಳು. ಗವಂತಿ, ಮುರ್ಗಿಯಲ್ಲಿ ಹಿಂದೆಯೂ ಮುಂದೆಯೂ ಒಂದೇ ಚಿತ್ತಾರ ಇರಬೇಕು, ಎಲ್ಲೂ ಗಂಟು ಕಾಣಬಾರದು. ಹಿಂದೆ ದಾರದ ಗೋಜಲು ಇದ್ದರೆ ಅದು ಮಷೀನಿನ ಕೆಲಸ. ಕೈಕಸೂತಿಗೆ ರೇಟು ಜಾಸ್ತಿ ಹೇಳುತ್ತಾರೆ. ಚೌಕಾಸಿ ಮಾಡಬೇಡ, ದೋಸ್ತ. ನನ್ನ ಅತ್ತೆ ಕಸೂತಿ ಹಾಕಿ ಹಾಕಿ ಕಣ್ಣು ಸೋತವರು. ಒಂದು ತೇರು ಮುಗಿಸಲು ಅವರು ಎಷ್ಟು ಸಲ ಎಳೆ ಎಣಿಸುತ್ತಿದ್ದರು ಅಂತ ನಾನು ಹತ್ತಿರ ಕೂತು ನೋಡಿದ್ದೇನೆ.

ಇಳಕಲ್ ಸೀರೆ, ಖಣದ ಕುಪ್ಪಸ ಬೇಕಾದರೆ ಧಾರವಾಡದಲ್ಲೂ ಸಿಗುತ್ತವೆ. ಬಗೆ ಬಗೆ ನೋಡಬೇಕು ಅಂದರೆ ಹುಬ್ಬಳ್ಳಿಯ ಜವಳಿ ಸಾಲಿಗೆ ಹೋಗಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ಆಯಿತು, ಅದಕ್ಕೆ ಬೇರೆಯೇ ದಾರಿ ಇದೆ, ಟ್ರಾಫಿಕ್ ಇಲ್ಲ. ಕತ್ತಲಾದ ಮೇಲೆ ದುರ್ಗದಬೈಲಿನಲ್ಲಿ ತಿನ್ನಲು ಬೇಕಾದಷ್ಟಿದೆ. ದಾರಿಯಲ್ಲಿ ನವಲೂರು ಬರುತ್ತದೆ. ಹಂಗಾಮಿನಲ್ಲಿ ಅಲ್ಲಿಯ ಪೇರಲ ಬುಟ್ಟಿ ತುಂಬಿ ರಸ್ತೆ ಬದಿಗೆ ಬಂದಿರುತ್ತದೆ, ಉಪ್ಪು-ಖಾರ ಹಚ್ಚಿಸಿ ತಿನ್ನು.

ಹುಬ್ಬಳ್ಳಿಗೆ ಹೋದ ದಿನ ನನ್ನ ಸಲುವಾಗಿ ಬೆಂಗೇರಿಗೂ ಹೋಗಿ ಬಾ. ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಕಟ್ಟಿದ್ದು. ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ ಅದು. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ, ಇಲ್ಲಿ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಮುದ್ರಿಸಿ ಹೊಲಿಯುತ್ತಾರೆ. ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಒಟ್ಟು ಒಂಬತ್ತು ಅಳತೆ. ಮೇಜಿನ ಮೇಲೆ ಇಡುವ 6 ಇಂಚು ಉದ್ದ, 4 ಇಂಚು ಅಗಲದ್ದು ಎಲ್ಲಕ್ಕಿಂತ ಸಣ್ಣದು. 21 ಅಡಿ ಉದ್ದ, 14 ಅಡಿ ಅಗಲದ್ದು ಎಲ್ಲಕ್ಕಿಂತ ದೊಡ್ಡದು. ಚಕ್ರ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಕೂದಲೆಳೆ ಜರುಗಿದರೂ ಆಗುವುದಿಲ್ಲ.

2021ರ ಕೊನೆಯಲ್ಲಿ ಧ್ವಜ ಸಂಹಿತೆ ಬದಲಾಯಿತು, ಪಾಲಿಸ್ಟರ್ ಬಟ್ಟೆಗೂ ಮಷೀನಿನಲ್ಲಿ ನೇಯ್ದದ್ದಕ್ಕೂ ಒಪ್ಪಿಗೆ ಸಿಕ್ಕಿತು. ಆಮೇಲೆ ಇಲ್ಲಿಯ ಬೇಡಿಕೆ ಇಳಿಯಿತು. ಕೈಯಲ್ಲಿ ನೂತು, ಕೈಯಲ್ಲಿ ನೇಯ್ದ ಬಾವುಟ ಇಷ್ಟು ಹತ್ತಿರ ಸಿಗುವಾಗ ನಾವು ಬೇರೆ ಕಡೆ ಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆಗಸ್ಟ್ 15ಕ್ಕೆ ಒಂದು ವಾರ ಮೊದಲು ಹೋಗು. ನಿನ್ನ ಆಫೀಸಿಗೊಂದು, ನಮ್ಮ ಮನೆಗೊಂದು ತಾ. ನಮ್ಮ ಮನೆಯದರ ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ.

ಮನೆಯ ಕೀಲಿ ಎದುರು ಮನೆಯಲ್ಲಿದೆ. ಅಡುಗೆ ಮನೆಯ ಮೇಲಿನ ಫಳಿಯಲ್ಲಿ ಮೂರು ಡಬ್ಬಿ ಇಟ್ಟಿದ್ದೇವೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ನಿಮ್ಮ ವೈನಿ, ಅಂದರೆ ನನ್ನಾಕೆ, ನಿನ್ನೆಯಷ್ಟೇ ಕುಟ್ಟಿದ್ದಾಳೆ. ನಾವು ಬರುವಷ್ಟರಲ್ಲಿ ಖಾಲಿಯಾಗಿರಬೇಕು ಅಂತ ಹೇಳಲು ಹೇಳಿದಳು. ಕೊಡೆ ಬಾಗಿಲ ಹಿಂದೆ ತೂಗು ಹಾಕಿದೆ, ಅದಿಲ್ಲದೆ ಹೊರಗೆ ಹೋಗಬೇಡಿ.

ನಿನ್ನ ಗೆಳೆಯ,
ಮಾಳಮಡ್ಡಿ, ಧಾರವಾಡ